ಹಕ್ಕಲು ಆಯಲು ಮುಂದಿನಿಂದ ಬಂದವಳು

ಕಡಲೆಕಾಯಿ ಒಂದನ್ನು ಕಿವಿಯ ಹತ್ತಿರ ಹಿಡಿದು ಅಲುಗಾಡಿಸಿದರೆ ಬರುವ ಸದ್ದು. ಗಲಗಲ ಎಂದು ಬರೆದರೆ ಜಾಸ್ತಿಯಾಗುತ್ತದೆ, ಅಷ್ಟು ದೊಡ್ಡದಲ್ಲ. ಒಣಗಿದ ಸಿಪ್ಪೆಯೊಳಗೆ ಎರಡು ಬೀಜ ಅತ್ತ ಇತ್ತ ಸರಿಯುವ ಟಕ್ ಟಕ್, ಅಷ್ಟೇ. ಮಧುಗಿರಿ ಬೆಟ್ಟದ ಬುಡದ ಆ ಜೈಲಿನಲ್ಲಿ, ನಾನು ಬೆಂಚಿನ ಮೇಲೆ ಕೂತು ಪೆನ್ನಿನ ಕ್ಯಾಪ್ ತೆಗೆಯುವ ಮೊದಲೇ, ಆ ಕೈದಿ ಹೆಂಗಸು ಸೆರಗಿನ ಗಂಟಿನಿಂದ ಆ ಒಂದೇ ಕಾಯಿಯನ್ನು ಬಿಚ್ಚಿ, ಕಿವಿಗೆ ಹಿಡಿದು ಆಡಿಸಿ, ಕಣ್ಣು ಮುಚ್ಚಿ ಕೇಳುತ್ತಿದ್ದಳು. ಸದ್ದು ಬಂತೆಂದರೆ ಮುಖ ಸಡಿಲಾಗುತ್ತಿತ್ತು. ಆಮೇಲೇ ನನ್ನ ಕಡೆ ತಿರುಗಿ, "ಈಗ ಕೇಳಕ್ಕಾ, ಏನ್ ಕೇಳ್ತೀಯೋ" ಅನ್ನುತ್ತಿದ್ದಳು.

ಈ ವಯಸ್ಸಿನಲ್ಲಿ ನನ್ನ ಹಿಯರಿಂಗ್ ಅಷ್ಟಕ್ಕಷ್ಟೆ. ಪಕ್ಕದ ಕೋಣೆಯಿಂದ ತಂಗಿ ಕೂಗಿದರೂ ಕೇಳಿಸುವುದಿಲ್ಲ. ಆ ಟಕ್ ಟಕ್ ಮಾತ್ರ ಕೇಳಿಸುತ್ತದೆ.

ಆ ವರ್ಷಗಳನ್ನು ನೋಡದವರಿಗಾಗಿ ಮೊದಲಿಂದ ಹೇಳುತ್ತೇನೆ. ಪಾವಗಡದ ಬಲಸಮುದ್ರದ ಕಡೆ, ಸೋಲಾರ್ ಪ್ಯಾನೆಲ್‌ಗಳ ಎರಡು ಸಾಲಿನ ನಡುವೆ, ಕಾಲದಲ್ಲಿ ಒಂದು ಗಂಡಿ ಬಿದ್ದಿತ್ತು. ದನ ನುಗ್ಗಿ ನುಗ್ಗಿ ಬೇಲಿಯಲ್ಲಿ ಬೀಳುವುದಿಲ್ಲವೇ, ಹಾಗೆ. ಯಾಕೆ ಬಿತ್ತು ಎಂದು ದೊಡ್ಡ ದೊಡ್ಡ ಮೆಷೀನು ತಂದವರೂ ಹೇಳಲಿಲ್ಲ. ಮೊದಲು ಅದರೊಳಗಿಂದ ಯಾರದೂ ಅಲ್ಲದ ಒಂದು ಕುರಿ ಬಂತು. ಆಮೇಲೆ ಜನ ಬಂದರು. ನಮ್ಮ ಮರಿಮಕ್ಕಳ ಮರಿಮಕ್ಕಳ ಕಾಲದ ಜನ. ಇದೇ ನೆಲದವರು, ಇದೇ ಮಾತಿನವರು, ಮಾತಿನಲ್ಲಿ ತೆಲುಗು ಸ್ವಲ್ಪ ಜಾಸ್ತಿ. ಸರ್ಕಾರ ಅವರಿಗೆ ಉದ್ದನೆಯ ಹೆಸರೊಂದನ್ನು ಇಟ್ಟಿತು. ಊರಿನವರು ಮುಂದ್ಲೋರು ಅಂದರು. ಅವರ ಲೆಕ್ಕದಲ್ಲಿ ನಾವು ಹಿಂದ್ಲೋರು.

ಬಂದವರನ್ನೆಲ್ಲ ಹಿಡಿದು ಮಧುಗಿರಿಗೆ ತರುತ್ತಿದ್ದರು. ತಪ್ಪು ಮಾಡದವರನ್ನು ಮತ್ತೆ ಗಂಡಿಯ ಆಚೆ ಬಿಡುವುದು ಕಾಯಿದೆ. ಕಳ್ಳತನವೋ ಇನ್ನೊಂದೋ ಕೇಸಿದ್ದರೆ ಬೆಂಗಳೂರಿನ ಒಂದು ಕೇಂದ್ರಕ್ಕೆ ಸಾಗಿಸುವುದು. ಅಲ್ಲಿ ಅವರನ್ನು ಕೂರಿಸಿಕೊಂಡು ಮುಂದೆ ಯಾರು ಗೆಲ್ಲುತ್ತಾರೆ, ನೀರು ಎಲ್ಲಿ ಉಳಿಯುತ್ತದೆ, ಯಾವ ಕಡೆ ಜಮೀನು ಹಿಡಿದರೆ ಒಳ್ಳೆಯದು ಎಂದು ಕೇಳುತ್ತಿದ್ದರಂತೆ. ಅಲ್ಲಿಗೆ ಹೋದವರು ತಿರುಗಿ ಬಂದದ್ದನ್ನು ಯಾರೂ ನೋಡಲಿಲ್ಲ. ಇನ್ನೊಂದು ರೂಲು: ವಾಪಸ್ ಹೋಗುವವರ ಕೈಯಲ್ಲಿ ನಮ್ಮ ಕಾಲದ ಒಂದು ಕಡ್ಡಿಯನ್ನೂ ಕೊಟ್ಟು ಕಳಿಸುವಂತಿಲ್ಲ. ಹಿಡಿದ ಹೊತ್ತಿನಲ್ಲಿ ಅವರದೇ ಆಗಿದ್ದದ್ದನ್ನು ಮಾತ್ರ ಒಯ್ಯಬಹುದು.

ಮುಂದ್ಲೋರಿಗೂ ಅವರದೇ ಒಂದು ಕಟ್ಟು ಇತ್ತು. ಹಿಂದ್ಲೋರಿಗೆ ಅವರ ಮನೆಯ ಗತಿ, ಮಕ್ಕಳ ಗತಿ ಹೇಳಬಾರದು. ಬೇಡಿದರೂ ಹೇಳಬಾರದು, ಹೊಡೆದರೂ ಹೇಳಬಾರದು.

ನಾನು ಆಗ ರಿಟೈರ್ ಆದವಳು. ಹೊಳವನಹಳ್ಳಿ ಬಸ್‌ಸ್ಟಾಪಿನ ಹಿಂದಿನ ಮನೆಯಲ್ಲಿ ತಂಗಿ, ನಾನು. ಯಾವಾಗಲಾದರೊಮ್ಮೆ ಜಿಲ್ಲೆಯ ಒಂದು ಸಣ್ಣ ಪತ್ರಿಕೆಗೆ ಬರೆಯುತ್ತಿದ್ದೆ. ಕೈದಿಗಳನ್ನು ಮಾತಾಡಿಸಲು ಒಬ್ಬ ರಿಪೋರ್ಟರಿಗೆ ಮಾತ್ರ ಪರ್ಮಿಷನ್ ಎಂದಾಗ, ನಮ್ಮ ಎಡಿಟರ್ ಫೋನ್ ಮಾಡಿದರು.

"ಮೇಡಂ, ನೀವೇ ಹೋಗ್ಬೇಕು."

"ನಾನ್ಯಾಕಪ್ಪಾ? ಹುಡುಗರಿಲ್ಲವಾ?"

"ನಿಮ್ಮನ್ನ ನೋಡಿದ್ರೆ ಯಾರಿಗೂ ಭಯ ಆಗಲ್ಲ ಮೇಡಂ. ಯಾರೋ ಅಜ್ಜಿ ಮೊಮ್ಮಗನ್ನ ನೋಡಕ್ಕೆ ಬಂದಿದೆ ಅಂದ್ಕೊಂಡು ಒಳಗೆ ಬಿಡ್ತಾರೆ."

ವಾಟ್ ಎ ಕಾಂಪ್ಲಿಮೆಂಟ್! ಆದರೂ ಹೋದೆ. ಹೊಳವನಹಳ್ಳಿಯಿಂದ ಕೊರಟಗೆರೆ, ಅಲ್ಲಿ ಬಸ್ ಬದಲಾಯಿಸಿ ಮಧುಗಿರಿ. ಕಿಟಕಿಯಿಂದ ಬೆಟ್ಟ ಕಾಣಿಸಿದ ಮೇಲೆ ಕನ್ನಡಕ ಒರೆಸಿಕೊಂಡು ಇಳಿಯಲು ರೆಡಿಯಾಗುತ್ತಿದ್ದೆ.

ಮೊದಲ ದಿನ ನನಗೆ ವಿಚಿತ್ರ ಅನ್ನಿಸಿದ್ದು ಅವರ ನಡಿಗೆ. ಜೈಲಿನ ಅಂಗಳ ಬಯಲು, ಮೇಲೆ ಆಕಾಶ ಬಿಟ್ಟರೆ ಏನೂ ಇಲ್ಲ. ಆದರೂ ಮುಂದ್ಲೋರು, ಗಂಡಸರು ಹೆಂಗಸರು ಎಲ್ಲರೂ, ತಲೆ ತಗ್ಗಿಸಿ, ಸೊಂಟ ಬಾಗಿಸಿ ನಡೆಯುತ್ತಿದ್ದರು. ತಲೆಗೆ ಏನೋ ತಗುಲುತ್ತದೆ ಎಂಬಂತೆ. ವಿಚಾರಿಸಿದರೆ ಅವರ ಕಾಲದಲ್ಲಿ ಬದುಕೆಲ್ಲ ಪ್ಯಾನೆಲ್ ಕೆಳಗೆ. ಅವರ ಬಾಯಲ್ಲಿ ಅದು ಹಲಗೆ. ನಾಲ್ಕು ತಾಲ್ಲೂಕೂ ಹಲಗೆ. ಹಲಗೆಯ ಕೆಳಗೆ ಊಟ, ನಿದ್ದೆ, ಮದುವೆ, ಸಾವು. ನೀರು ಹಲಗೆ ತೊಳೆಯುವುದಕ್ಕೆ ಮೊದಲು, ಮಿಕ್ಕರೆ ಜನಕ್ಕೆ. ಗಂಡಸೊಬ್ಬ ಬಿಸಿಲಿಗೆ ಹೆದರಿ ಹಗಲೆಲ್ಲ ಗೋಡೆಯ ನೆರಳಿಗೆ ಅಂಟಿಕೊಂಡಿರುತ್ತಿದ್ದ. ನೆರಳು ಸರಿದ ಹಾಗೆ ಅವನೂ ಸರಿಯುತ್ತಿದ್ದ. ಮುದುಕನೊಬ್ಬ ಅಂಗಳದ ನಲ್ಲಿ ತೊಟ್ಟಿಕ್ಕುತ್ತಿದ್ದರೆ ಅದರ ಕೆಳಗೆ ಅಂಗೈ ಹಿಡಿದು ಕೂತುಬಿಡುತ್ತಿದ್ದ. ಯಾರಾದರೂ ಎಬ್ಬಿಸಿದರೆ ಅಳುತ್ತಿದ್ದ.

ನಾನು ಇದನ್ನೆಲ್ಲ ಬರೆದುಕೊಟ್ಟೆ. ಮುಂದಿನ ಕಾಲದ ಸುದ್ದಿ ಅಚ್ಚು ಹಾಕಬಾರದು ಎಂದು ಮೇಲಿನಿಂದ ಆರ್ಡರ್ ಇತ್ತು. ಎಲ್ಲ ಕತ್ತರಿಸಿ ಕತ್ತರಿಸಿ, ಕೊನೆಗೆ ಪ್ರಿಂಟಾದದ್ದು ಕೈದಿಗಳಿಗೆ ರಾಗಿಮುದ್ದೆ ಹಿಡಿಸಿದೆ ಎಂಬ ಒಂದು ಸಾಲು. ಪಕ್ಕದಲ್ಲಿ ನನ್ನ ಫೋಟೋ, ಅದೂ ಹಳೆಯದು.

ಹೆಂಗಸರ ಕಡೆಯ ವಾರ್ಡರ್ ಶಿರಾದವಳು. ಒಳ್ಳೆಯವಳು, ಬಾಯಿ ಮಾತ್ರ ಜೋರು. ನನ್ನ ಇಂಟರ್‌ವ್ಯೂ ನಡೆಯುವಾಗ ಬಾಗಿಲಲ್ಲಿ ನಿಂತು ನಡುವೆ ತಾನೂ ಒಂದು ಪ್ರಶ್ನೆ ತೂರಿಸುವಳು.

"ಅರೇ, ಬೇರೆ ಏನೂ ಬ್ಯಾಡ, ನನ್ ಮಗಳ ಶಾದಿ ಆಯ್ತದಾ ಇಲ್ವಾ, ಅಷ್ಟು ಹೇಳ್ಬುಡು."

"ಗೊತ್ತಿಲ್ಲಕ್ಕಾ."

"ಗೊತ್ತೈತೆ ನಿಂಗೆ. ಬಾಯಿ ಬಿಡ್ತಿಲ್ಲ. ನಾಳೆಯಿಂದ ಸಾರಿಗೆ ಉಪ್ಪು ಹಾಕಲ್ಲ ನೋಡು."

"ಉಪ್ಪಿಲ್ದಿದ್ರೂ ನಿಮ್ ಸಾರು ಚೆಂದಾಗೇ ಇರ್ತದೆ ಬುಡಕ್ಕಾ," ಅನ್ನುವಳು ಕಡಲೆಕಾಯಿಯವಳು. ವಾರ್ಡರ್ ನಕ್ಕುಬಿಡುತ್ತಿದ್ದಳು.

ಈ ಕಡಲೆಕಾಯಿಯವಳ ಮೇಲಿದ್ದದ್ದು ಬೆಳೆ ಕಳ್ಳತನದ ಕೇಸು. ವಯಸ್ಸು ಮೂವತ್ತರ ಆಚೆ ಈಚೆ ಇರಬಹುದು. ಕಪ್ಪಗೆ, ಸಣ್ಣಗೆ, ಅಗಲವಾದ ಅಂಗೈ. ಗಂಡಿ ದಾಟಿದ ಮೇಲೆ ಎಲ್ಲರಂತೆ ಪಾವಗಡದ ಸುತ್ತ ಸಿಕ್ಕಿಬೀಳದೆ, ಒಂದು ಕುರಿ ಮಂದೆಯ ಹಿಂದೆ ನಡೆದು ನಡೆದು ಶಿರಾ ದಾಟಿ ಗೌಡಗೆರೆಯ ಹತ್ತಿರದ ಊರೊಂದನ್ನು ಮುಟ್ಟಿದ್ದಳು. ಅಲ್ಲಿ ಯಾರದೋ ಹೊಲದಲ್ಲಿ ಮಡಿಲು ತುಂಬ ಕಡಲೆಕಾಯಿ ಕಿತ್ತುಕೊಂಡಿದ್ದಾಗ ಅಕ್ಕಪಕ್ಕದವರು ಹಿಡಿದು ಪೊಲೀಸಿಗೆ ಕೊಟ್ಟಿದ್ದರು. ಆ ಕಾಯನ್ನೆಲ್ಲ ಬಟ್ಟೆಯಲ್ಲಿ ಹೊಲಿದು, ಅರಗಿನ ಸೀಲ್ ಹಾಕಿ, ಮುದ್ದೆಮಾಲು, ಅಂದರೆ ಕೇಸಿನ ಸಾಕ್ಷಿಯ ಮಾಲು, ಎಂದು ಜೈಲಿನ ಕಚೇರಿಯ ಬೀರುವಿನಲ್ಲಿ ಇಟ್ಟಿದ್ದರು. ಹೊಲಿಯುವಾಗ ಕೆಳಗೆ ಬಿದ್ದ ಒಂದು ಕಾಯಿಯನ್ನು ಅವಳು ಎತ್ತಿಕೊಂಡಿದ್ದಳು. ವಾರ್ಡರ್ ನೋಡಿಯೂ ನೋಡದ ಹಾಗಿದ್ದಳು.

"ದಿನಾ ಅದನ್ಯಾಕೆ ಆಡಿಸ್ತೀಯಾ?" ಎಂದು ಒಂದು ದಿನ ಕೇಳಿದೆ.

"ಸದ್ದು ಬರೋಗಂಟ ಬೀಜ ಇದ್ದಂಗೇ ಅಕ್ಕಾ. ಹುಳ ಬಿದ್ರೆ ಒಳಗೇ ತಿಂದು ಹಿಟ್ಟು ಮಾಡ್ಬುಡ್ತದೆ. ಆಗ ಸದ್ದು ನಿಂತೋಯ್ತದೆ. ಇದರದ್ದು ನಿಂತ್ರೆ ಬೀರುನಲ್ಲಿ ಇರೋವೂ ಹೋದ್ವು ಅಂತ."

"ಹೋದರೆ?"

"ನಮ್ ಕಡೆ ಬೀಜ ಇಲ್ಲಕ್ಕಾ. ಹಲಗೆ ಕೆಳಗೆ ಎಲ್ಲೋ ಒಂದೊಂದು ಗಿಡ ತಾನಾಗೇ ಹುಟ್ಕೊಂಡಿರೋದು, ಅದನ್ನೇ ಆಯ್ಕೊಂಡು ಇಟ್ಕೊಂಡು ಬಂದಿದ್ವಿ. ಹೋದ ಸಲ ಅದೂ ಸೊರಗಿ ಹೋಯ್ತು. ನನ್ನ ಕಳ್ಸಿದಾರೆ. ತರ್ತಾಳೆ ಅಂತ ಕಾಯ್ಕೊಂಡು ಕೂತವ್ರೆ."

ಇದಿಷ್ಟನ್ನೂ ಅವಳು ಹೇಳಿದ್ದು ತನ್ನವರ ಬಗ್ಗೆ. ನಮ್ಮವರ ಬಗ್ಗೆ ಒಂದು ಮಾತೂ ಇಲ್ಲ.

ಸಂಕ್ರಾಂತಿ ಕಳೆದ ಮೇಲೆ ಗಂಡಿಗೆ ಕಾಂಕ್ರೀಟ್ ಸುರಿದು ಮುಚ್ಚುತ್ತಾರೆಂದು ಆಗಲೇ ಆರ್ಡರ್ ಬಂದಿತ್ತು. ಕಳ್ಳಿ ಎಂದು ತೀರ್ಮಾನವಾದರೆ ಅವಳು ಬೆಂಗಳೂರಿಗೆ, ಕಾಯಿ ಬೀರುವಿನಲ್ಲೇ ಪುಡಿ. ಕಳ್ಳಿಯಲ್ಲ ಎಂದಾದರೆ ಅವಳೂ ಅವಳ ಮಡಿಲಿನ ಕಾಯಿಯೂ ಆಚೆಗೆ.

"ಕದ್ದೆ ತಾನೇ?" ಎಂದು ನೇರವಾಗಿ ಕೇಳಿದೆ. ಹಳೇ ಅಭ್ಯಾಸ.

"ಕಾದಕ್ಕಾ, ಕಾದು!" ಸಿಟ್ಟು ಬಂದರೆ ಅವಳಿಗೆ ತೆಲುಗೇ ಮೊದಲು ಬರುತ್ತಿತ್ತು. "ನಾನ್ ಕಳ್ಳಿ ಅಲ್ಲ. ಹಕ್ಕಲು ಆಯ್ಕೊಂಡಿದ್ದು."

ಕಾನ್ವೆಂಟಿನಲ್ಲಿ ಸಿಸ್ಟರ್ ಡಿಕ್ಟೇಷನ್ ಕೊಟ್ಟ ಗ್ಲೀನಿಂಗ್ ಎಂಬ ಪದ ನನಗೆ ಗೊತ್ತಿತ್ತು. ಹಕ್ಕಲು ಎಂದರೆ ಏನೆಂದು ಅವಳ ಬಾಯಿಂದಲೇ ಕೇಳಬೇಕಾಯಿತು. ಹೊಲದವರು ಬೆಳೆ ಕಿತ್ತು ಒಯ್ದ ಮೇಲೆ ಮಣ್ಣಿನಲ್ಲಿ ಉಳಿದದ್ದು ಹಕ್ಕಲು. ಅದು ಆಯ್ದುಕೊಂಡವರದು. ಹೊಲಕ್ಕೆ ಕುರಿ ಬಿಟ್ಟಿದ್ದಾರೆಂದರೆ ಯಜಮಾನರ ಕೆಲಸ ಮುಗಿದಿದೆ ಎಂದು ಅರ್ಥ. ಆದರೂ ಹಾಗೇ ಇಳಿಯಬಾರದು. ಬದುವಿನ ಮೇಲೆ ನಿಂತು ಮೂರು ಸಲ ಕೂಗಬೇಕು. ಬೇಡ ಅನ್ನುವವರಿದ್ದರೆ ಅನ್ನಲಿ. ಯಾರೂ ಅನ್ನದಿದ್ದರೆ ಇಳಿಯಬಹುದು. ಇದಿಷ್ಟೂ ಅವರಿಗೆ ಅಜ್ಜಿಯಿಂದ ಅಜ್ಜಿಗೆ ಬಂದು ಉಳಿದಿತ್ತು.

"ಕುರಿ ಇದ್ವು ಅಕ್ಕಾ ಹೊಲದ ತುಂಬ. ಮೂರು ಕೂಗೂ ಕೂಗ್ದೆ. ಯಾರೂ ಬ್ಯಾಡ ಅನ್ನಲಿಲ್ಲ."

"ಆದರೆ ಬೆಳೆ ಇನ್ನೂ ಕಿತ್ತಿರಲಿಲ್ಲವಲ್ಲಮ್ಮಾ. ಗಿಡ ನಿಂತೇ ಇತ್ತಲ್ಲ?"

ಅವಳು ತಲೆ ತಗ್ಗಿಸಿದಳು. "ನಾನು ಬೆಳೆ ಅಂತ ಯಾವತ್ತೂ ನೋಡಿರ್ಲಿಲ್ಲಕ್ಕಾ," ಅಂದಳು. "ಅಷ್ಟು ಹಸಿರು ಒಂದೇ ಕಡೆ ನೋಡಿರ್ಲಿಲ್ಲ. ಹಿಂದ್ಲೋರು ಎಂಥ ದೊಡ್ಡ ಜನ, ಆಯ್ಕೊಳ್ಳೋರಿಗೆ ಅಂತ ಇಷ್ಟೊಂದು ಬುಟ್ಟೋಗವ್ರೆ ಅಂದ್ಕೊಂಡೆ."

ವಾರ್ಡರ್ ಬಾಗಿಲಿನಿಂದ ಆಚೆ ಹೋದಳು. ನಾನು ಅವತ್ತು ಏನೂ ಬರೆದುಕೊಳ್ಳಲಿಲ್ಲ.

ಆ ಕೂಗು ಹೇಗಿರುತ್ತದೆ ಎಂದು ಕೇಳಿ, ಅವಳಿಂದ ಮೆಲ್ಲಗೆ ಹೇಳಿಸಿಕೊಂಡು, ಆ ವಾರವೇ ಗೌಡಗೆರೆಯ ಕಡೆ ಹೋದೆ. ಹೊಲದ ಯಜಮಾನಿ ನನ್ನ ವಾರಿಗೆಯ ಹೆಂಗಸು. ಗಂಡ ಇಲ್ಲ, ಬೇಸಾಯ ಎಲ್ಲ ಅವಳದೇ. ಪಡಸಾಲೆಯ ಗೋಡೆಯ ಮೇಲೆ ಬುದ್ಧನ ಪಟ, ಅದರ ಕೆಳಗೆ ಕೂತು ಹುಣಸೆಹಣ್ಣು ಕುಟ್ಟುತ್ತಿದ್ದಳು. ಕುಟ್ಟುವುದನ್ನು ನಿಲ್ಲಿಸದೆ ಮಾತಾಡಿದಳು.

"ಪೇಪರ್ನೋಳಾ? ಫೋಟೋ ಗೀಟೋ ಹೊಡೀಬ್ಯಾಡ ಕಣಮ್ಮ, ತಲೆ ಬಾಚಿಲ್ಲ."

"ಫೋಟೋಗೆ ಬಂದಿಲ್ಲ. ಆ ಹೆಂಗಸಿನ ವಿಷಯ. ಅವಳು ಹಕ್ಕಲು ಅಂತ ತಿಳಿದು ಇಳಿದದ್ದಂತೆ."

"ಹಕ್ಕಲೂ?" ಕೈ ನಿಂತಿತು. "ನಿಂತ ಬೆಳೆ ಬೇರು ಸಮೇತ ಕಿತ್ತವಳೆ, ಅದ್ಯಾವ ಊರ ಹಕ್ಕಲು?"

"ಕುರಿ ನೋಡಿದಳಂತೆ ಹೊಲದಲ್ಲಿ."

"ಕುರಿ ನಾನ್ ಬುಟ್ಟಿದ್ನಾ? ಬೇಲಿ ಮುರ್ಕೊಂಡು ನುಗ್ಗಿದ್ವು ಮುಂಡೇವು. ಅವನ್ನ ಮೊದ್ಲು ಜೈಲಿಗೆ ಹಾಕ್ಸು ಓಗು."

"ಬದುವಿನ ಮೇಲೆ ನಿಂತು ಕೂಗಿದಳಂತೆ."

"ಹೆಂಗೆ ಕೂಗಿದ್ಲಂತೆ?"

ನಾನು ಗಂಟಲು ಸರಿಮಾಡಿಕೊಂಡು ಕೂಗಿದೆ. ಹಕ್ಕಲವ್ವೋ, ಹಕ್ಕಲು. ಕ್ವಯರ್‌ನಲ್ಲಿ ಹಾಡಿ ಬೆಳೆದ ಗಂಟಲು ನನ್ನದು, ಸಿಸ್ಟರ್ ಹೇಳಿಕೊಟ್ಟ ಹಾಗೆ ಸ್ವರ ಸ್ವಚ್ಛವಾಗಿ ಬಂತು. ಯಜಮಾನಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಹಿತ್ತಲಿನಲ್ಲಿದ್ದ ಕೋಳಿ ಕೂಡ ಕೊಕ್ಕೋ ಅಂತು.

"ಅಯ್ಯೋ ನನ್ನವ್ವಾ, ಇಂಗ್ ಕೂಗಿದ್ರೆ ಬೆಂಕಿ ಬಿತ್ತು ಅಂತ ಬಿಂದಿಗೆ ತಗೊಂಡ್ ಓಡ್ಬರ್ತಾರೆ!"

"ಅವಳು ಕೊನೆಯಲ್ಲಿ ಸ್ವಲ್ಪ ಇಳಿಸುತ್ತಾಳೆ," ಎಂದು ಮತ್ತೊಮ್ಮೆ ಪ್ರಯತ್ನಪಟ್ಟೆ. ಈ ಸಲ ಹಕ್ಕಲು ಅನ್ನುವುದನ್ನು ತಗ್ಗಿಸಿ, ಎಳೆದು, ಕೇಳುವವರು ಕೇಳಲಿ ಬಿಡುವವರು ಬಿಡಲಿ ಎಂಬಂತೆ ಬಿಟ್ಟೆ.

ನಗು ನಿಂತುಹೋಯಿತು. ಕುಟ್ಟುವ ಕಲ್ಲನ್ನು ಪಕ್ಕಕ್ಕಿಟ್ಟಳು.

"ಇನ್ನೊಂದ್ಸಲ ಅನ್ನು."

ಅಂದೆ.

ಸೆರಗಿಗೆ ಕೈ ಒರೆಸಿಕೊಂಡಳು. "ಆ ಮಧ್ಯಾಹ್ನ ನಂಗೆ ಕೇಳಿಸ್ತು. ಉಣ್ತಾ ಕೂತಿದ್ದೆ. ನಮ್ಮತ್ತೆ ಇಂಗೇ ಕೂಗ್ತಿದ್ಲು. ಆವಾಗ ನಮ್ದು ಅಂತ ಒಂದು ಗೇಣು ನೆಲ ಇರ್ಲಿಲ್ಲ. ಕಂಡೋರ ಬದುವಿನ ಮ್ಯಾಲೆ ನಿಂತು, ಸೆರಗು ಒಡ್ಕೊಂಡು, ಇಂಗೇ. ನಾನು ಸೊಸೆಯಾಗಿ ಬಂದಾಗ ಪಕ್ಕದಲ್ಲಿ ನಿಲ್ಲಕ್ಕೂ ನಾಚ್ಕೊಂತಿದ್ದೆ. ನೆಲ ಆಯ್ತು, ಅತ್ತೆ ಹೋದ್ಲು. ಈ ಕೂಗೂ ಅವಳ ಜೊತೆ ಮಣ್ಣಾಯ್ತು ಅಂತ ನೆಮ್ಮದಿಯಾಗಿದ್ದೆ ಕಣಮ್ಮ."

"ಮತ್ತೆ ಅವತ್ತು?"

"ಅವತ್ತೇನು. ಅತ್ತೆ ಬಂದ್ಬುಟ್ಲು ಅಂತ ಎದ್ದು ಬಾಗ್ಲು ಹಾಕಿ ಅಗುಳಿ ಇಕ್ಕಂಡೆ. ಮೂರೂ ಕೇಳಿಸ್ತು."

"ಇದನ್ನ ವಿಚಾರಣೆ ಮಾಡೋ ಆಫೀಸರ್ ಮುಂದೆ ಹೇಳಿದರೆ ಸಾಕು, ಅವಳು ಕಳ್ಳಿಯಲ್ಲ ಅಂತಾಗುತ್ತೆ. ಕೂಗಿದಳು, ನೀವು ಬೇಡ ಅನ್ನಲಿಲ್ಲ."

ಆಕೆ ನನ್ನನ್ನು ನೋಡಿದ ನೋಟ ಮರೆಯಲಾರೆ. "ನಾವು ಬುದ್ಧನ ದೀಕ್ಷೆ ತಗೊಂಡೋರು. ದೆವ್ವ ಇಲ್ಲ ಭೂತ ಇಲ್ಲ ಅಂತ ಊರ ಮುಂದೆ ನಿಂತು ಹೇಳಿರೋಳು ನಾನು. ಯಾರಾದ್ರೂ ತಾಯತ ಕಟ್ಕೊಂಡ್ರೆ ಬೈದು ಬಿಚ್ಚಾಕಿಸಿರೋಳು. ಅಂಥೋಳು ನಡುಮಧ್ಯಾಹ್ನ ಅತ್ತೆ ದೆವ್ವಕ್ಕೆ ಹೆದರ್ಕೊಂಡು ಬಾಗ್ಲು ಹಾಕ್ಕೊಂಡಿದ್ದೆ ಅಂತ ಹೇಳ್ಲಾ? ನಾಳೆ ಊರಲ್ಲಿ ತಲೆ ಎತ್ಕೊಂಡು ಹೆಂಗೆ ಓಡಾಡ್ಲಿ? ಬಸ್ಸಿಗೆ ಹೊತ್ತಾಯ್ತು, ಎದ್ದೋಗು."

ಎದ್ದು ಹೊರಟೆ. ಹೊಸಿಲು ದಾಟಿದ ಮೇಲೆ ಹಿಂದಿನಿಂದ ಕರೆದು ಒಂದು ಉಂಡೆ ಹುಣಸೆಹಣ್ಣು ಕೊಟ್ಟಳು. ಮುಖ ನೋಡಲಿಲ್ಲ.

ತೀರ್ಮಾನದ ದಿನ ಜೈಲಿನ ಆಫೀಸ್ ರೂಮಿನಲ್ಲೇ ವಿಚಾರಣೆ. ಆಫೀಸರ್ ಇನ್ನೂ ಚಿಕ್ಕ ವಯಸ್ಸಿನವರು, ಪೊಲೈಟ್ ಆದವರು. ನಾನು ಒಂದು ಮೂಲೆಯಲ್ಲಿ ಕೂತೆ. ಕೈದಿಯನ್ನು ಕರೆತಂದರು. ಬರುವಾಗಲೇ ಕಾಯಿಯನ್ನು ಕಿವಿಗೆ ಹಿಡಿದಿದ್ದಳು. ಆಡಿಸಿದಳು. ಮತ್ತೆ ಆಡಿಸಿದಳು. ಅವಳ ಮುಖ ನೋಡಿದರೆ ಸದ್ದು ಬಂತೋ ಇಲ್ಲವೋ ನನಗೆ ತಿಳಿಯಲಿಲ್ಲ.

ಪೊಲೀಸಿನವರು ಕೇಸು ಓದಿ ಮುಗಿಸುವ ಹೊತ್ತಿಗೆ ಹೊರಗೆ ವಾರ್ಡರಿನ ದನಿ: "ಅರೇ, ಎಲ್ಲಿಗಮ್ಮಾ ಹಿಂಗೆ ನುಗ್ತಾ ಇದೀಯ?"

"ನನ್ ಹೊಲದ ಪಂಚಾಯ್ತಿ, ನಾನಿಲ್ದೆ ಮಾಡ್ತಾ ಅವ್ರಾ ಒಳಗೆ?"

ಯಜಮಾನಿ ಬಂದಳು. ಒಗೆದ ಬಿಳಿ ಸೀರೆ, ಬಾಚಿದ ತಲೆ. ಕಂಕುಳಲ್ಲಿ ಒಂದು ಬಟ್ಟೆಯ ಚೀಲ. ಆಫೀಸರಿಗೆ ಕೈ ಮುಗಿದು, ನೇರ ಕೈದಿಯ ಮುಂದೆ ನಿಂತಳು.

"ನೀನೇ ಏನವ್ವ? ಕೂಗು ನೋಡಾಣ ಒಂದ್ಸಲ. ಅವತ್ತು ಕೂಗಿದಂಗೇ."

ಕೈದಿ ಆಫೀಸರನ್ನು ನೋಡಿದಳು. ಅವರು ಆಗಲಿ ಎಂದು ತಲೆಯಾಡಿಸಿದರು. ಅವಳು ಸೆರಗು ಸರಿಮಾಡಿಕೊಂಡು ಕೂಗಿದಳು. ನಾನು ಇಷ್ಟು ದಿನ ಕೇಳಿದ್ದು ಬರೀ ಪಿಸುಮಾತು. ಆ ಕೂಗು ಹಾಗಲ್ಲ. ಬೇಡುವ ಕೂಗಲ್ಲ, ಜೋರು ಮಾಡುವ ಕೂಗೂ ಅಲ್ಲ. ಇಲ್ಲಿದ್ದೇನೆ ಎಂದು ಹೇಳಿ ಕಾಯುವ ಕೂಗು. ಅಂಗಳದಲ್ಲಿದ್ದ ಮುಂದ್ಲೋರೆಲ್ಲ ಆಫೀಸಿನ ಬಾಗಿಲ ಕಡೆ ತಿರುಗಿದರು.

ಯಜಮಾನಿ ಇನ್ನೂ ಹತ್ತಿರ ಹೋದಳು. "ಅಲ್ಲೂ ಇಂಗೇ ಕೂಗ್ತೀರಾ?"

"ಕೂಗ್ತೀವಮ್ಮಾ. ಹಲಗೆ ಕಡೆ ತಿರುಗ್ಕೊಂಡು."

"ಯಾರು ಓಗೊಡ್ತಾರೆ?"

"ಎವರೂ ಇಲ್ಲ. ಯಾರೂ ಇಲ್ಲಮ್ಮಾ."

"ಹಂಗಾದ್ರೆ ನನ್ ಹೊಲ..." ಎಂದು ಶುರುಮಾಡಿ ಯಜಮಾನಿ ನಿಲ್ಲಿಸಿದಳು. ಕೈದಿ ತುಟಿ ಕಚ್ಚಿ ನೆಲ ನೋಡುತ್ತಿದ್ದಳು. ಹೇಳಿಬಿಡು, ಆಕೆಯ ಹೊಲ ಉಳಿದಿದೆ ಎಂದು ಒಂದು ಸುಳ್ಳಾದರೂ ಹೇಳಿಬಿಡು, ನಿನ್ನ ಬಿಡುಗಡೆ ಆಕೆಯ ಕೈಯಲ್ಲಿದೆ ಎಂದು ನನ್ನ ಮನಸ್ಸು ಕೂಗುತ್ತಿತ್ತು. ಅವಳು ಹೇಳಲಿಲ್ಲ.

ಯಜಮಾನಿ ಬೆಂಚಿನ ಮೇಲೆ ಕುಸಿದು ಕೂತಳು. ತನಗೆ ತಾನೇ ಅಂದುಕೊಂಡಂತೆ, "ಅಂದ್ರೆ ಎಲ್ಲಾರೂ ತಿರುಗಾ ಬದುವಿನ ಮ್ಯಾಕೇ ಬಂದು ನಿಂತ್ರು ಅನ್ನು," ಅಂದಳು.

ಆಮೇಲೆ ಎದ್ದು ಆಫೀಸರಿಗೆ ಹೇಳಿದಳು. ಕೂಗು ಕೇಳಿಸಿದ್ದು, ಅತ್ತೆಯ ದೆವ್ವ ಎಂದು ಹೆದರಿದ್ದು, ಅಗುಳಿ ಹಾಕಿಕೊಂಡದ್ದು, ಒಂದನ್ನೂ ಬಿಡದೆ ಹೇಳಿದಳು. ಅವಳ ಜೊತೆ ಬಂದಿದ್ದ ಊರಿನ ಒಬ್ಬ ಬಾಗಿಲಲ್ಲಿ ಕಿಸಕ್ಕೆಂದ.

"ನಗ್ಲಾ, ನಗು. ಊರಿಗೆಲ್ಲ ಸಾರ್ಕೊಂಡು ಬಾ. ನಿಮ್ಮಜ್ಜಿಯೂ ಇಂಗೇ ಕೂಗ್ತಿದ್ದೋಳೇ ಕಣ್ಲಾ."

ಆಫೀಸರ್ ಕೇಳಿದರು: "ಇದನ್ನ ಪೊಲೀಸಿಗೆ ಆಗಲೇ ಯಾಕಮ್ಮ ಹೇಳಲಿಲ್ಲ?"

"ಕಳ್ಳೀನ ನೋಡಿದ್ಯಾ ಅಂತ ಕೇಳಿದ್ರು, ಇಲ್ಲ ಅಂದೆ. ಕೂಗು ಕೇಳಿಸ್ತಾ ಅಂತ ಯಾರ್ ಕೇಳಿದ್ರಪ್ಪಾ?"

ಅವಳು ಕಳ್ಳಿಯಲ್ಲ ಎಂದಾಯಿತು. ಕಾಯಿ ಅವಳದೇ ಎಂದಾಯಿತು. ಯಜಮಾನಿ ಚೀಲ ಬಿಚ್ಚಿ, ಬಿತ್ತನೆಗೆಂದು ಆರಿಸಿ ಇಟ್ಟಿದ್ದ ಗಟ್ಟಿ ಕಾಯಿಗಳನ್ನು ಮೇಜಿನ ಮೇಲೆ ಇಟ್ಟಳು. ಇದನ್ನೂ ಕೊಡಿ, ಬೀರುವಿನಲ್ಲಿ ಇರೋವು ಹಾಳಾಗಿದ್ರೆ ಪಾಪ, ಅಂದಳು. ಆಫೀಸರ್ ತಲೆ ಅಲ್ಲಾಡಿಸಿದರು. ರೂಲು. ಎಷ್ಟು ಬೇಡಿದರೂ ಆಗಲಿಲ್ಲ. ಕೊನೆಗೆ ಮುದ್ದೆಮಾಲಿನ ಗಂಟು ಬಿಚ್ಚಿದರು. ಬಟ್ಟೆಯಿಂದ ಮೊದಲು ಉದುರಿದ್ದು ಸಣ್ಣ ಹಿಟ್ಟು. ಅವಳು ನೆಲದ ಮೇಲೆ ಕೂತು ಒಂದೊಂದೇ ಕಾಯಿಯನ್ನು ಕಿವಿಗೆ ಹಿಡಿದು ಆಡಿಸತೊಡಗಿದಳು. ಸದ್ದಿಲ್ಲದ್ದನ್ನು ಒಂದು ಕಡೆ ಹಾಕಿದಳು. ಅದೇ ದೊಡ್ಡ ಗುಡ್ಡೆಯಾಯಿತು. ಇನ್ನೊಂದು ಕಡೆ ಒಂದು ಸಣ್ಣ ಗುಡ್ಡೆ. ಯಜಮಾನಿ ಪಕ್ಕದಲ್ಲಿ ಕೂತು ತಾನೂ ಆಡಿಸಿ ನೋಡಿದಳು. ಅನುಮಾನ ಬಂದದ್ದನ್ನು ಅವಳ ಕಿವಿಗೆ ಹಿಡಿದಳು.

ಸಂಕ್ರಾಂತಿ ಆದ ಮೇಲೆ ಒಂದು ಬೆಳಗ್ಗೆ ಬಿಡುಗಡೆಯಾದವರನ್ನೆಲ್ಲ ವ್ಯಾನಿನಲ್ಲಿ ಬಲಸಮುದ್ರಕ್ಕೆ ಕರೆದೊಯ್ದರು. ಹಿಂದಿನ ಜೀಪಿನಲ್ಲಿ ನಾನು, ವಾರ್ಡರ್, ಮತ್ತೆ ಯಜಮಾನಿ. ಆಕೆ ಯಾಕೆ ಬಂದಳೋ ಹೇಳಲಿಲ್ಲ. ದಾರಿಯುದ್ದಕ್ಕೂ, ಈ ಹೊಲ ಯಾರದು, ಇದ್ಯಾಕೆ ಬೀಳು ಬಿಟ್ಟವ್ರೆ ಎಂದು ಡ್ರೈವರನ್ನು ಬೈಯುತ್ತಾ ಬಂದಳು. ಪ್ಯಾನೆಲ್ ಸಾಲು ಶುರುವಾದ ಮೇಲೆ ಬಾಯಿ ಮುಚ್ಚಿದಳು. ಅಲ್ಲಿ ಇಳಿಯುವುದೂ ಇಲ್ಲ ಅಂದಳು. ಜೀಪಿನಲ್ಲೇ ಕೂತಳು.

ಗಂಡಿಯ ಪಕ್ಕದಲ್ಲಿ ಕಾಂಕ್ರೀಟ್ ಕಲಸುವ ಮೆಷೀನು ಆಗಲೇ ಬಂದು ನಿಂತಿತ್ತು. ಗಂಡಿ ಅಂದರೆ ನೋಡುವುದಕ್ಕೆ ಏನೂ ಇಲ್ಲ. ಎರಡು ಸಾಲಿನ ನಡುವೆ ಬೇಸಿಗೆಯ ರಸ್ತೆಯ ಮೇಲೆ ಕಾಣುವಂಥ ಒಂದು ನಡುಕ. ಅದರಾಚೆಗೂ ಹಲಗೆಗಳೇ, ಸ್ವಲ್ಪ ಹಳೆಯವು. ಒಬ್ಬೊಬ್ಬರೇ ಹೋದರು. ನಲ್ಲಿಯ ಮುದುಕ ಅಂಗೈಯನ್ನು ಬೊಗಸೆ ಮಾಡಿಕೊಂಡೇ ಹೋದ.

ನಮ್ಮವಳ ಸರದಿ ಕೊನೆಗೆ ಬಂತು. ಜೈಲಿನ ಆ ತಿಂಗಳುಗಳಲ್ಲಿ ಅವಳ ಬೆನ್ನು ನೆಟ್ಟಗಾಗಿತ್ತು. ನನಗೆ ಅದು ಗೊತ್ತಾದದ್ದು ಅವತ್ತೇ, ಬಯಲಿನಲ್ಲಿ ಅವಳು ನಡೆದು ಹೋಗುವಾಗ. ಮಡಿಲಿನಲ್ಲಿ ಆ ಸಣ್ಣ ಗಂಟು. ನನ್ನ ಹತ್ತಿರ ಬಂದು, "ಮುದ್ದೆ ಇಷ್ಟ ಅಂತ ಮಾತ್ರ ಹಾಕಿದ್ರಂತೆ ನಿಮ್ ಪೇಪರ್ನಾಗೆ?" ಎಂದು ನಕ್ಕಳು. ನನಗೆ ನಗು ಬರಲಿಲ್ಲ. ಟೇಕ್ ಕೇರ್ ಅಂದೆ, ಬೇರೇನೂ ತೋಚದೆ. ಅವಳಿಗೆ ಅರ್ಥವಾಯಿತೋ ಇಲ್ಲವೋ, ನನ್ನ ಕೈಯನ್ನು ತನ್ನ ಕೆನ್ನೆಗೆ ಒತ್ತಿಕೊಂಡಳು.

ಗಂಡಿಯ ಅಂಚಿನಲ್ಲಿ ನಿಂತು ಅವಳು ನಮ್ಮ ಕಡೆಗೆ ತಿರುಗಿದಳು. ಕೂಗಿದಳು. ಹಕ್ಕಲವ್ವೋ, ಹಕ್ಕಲು. ಪೊಲೀಸಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಎರಡನೇ ಸಲ ಕೂಗಿದಳು. ಗಾಳಿ ಬಿಟ್ಟರೆ ಏನಿಲ್ಲ. ನಾನೇ ಏನಾದರೂ ಅನ್ನಬೇಕೆಂದು ಬಾಯಿ ತೆರೆದೆ, ಆದರೆ ಹೊಲ ನನ್ನದಲ್ಲವಲ್ಲ.

ಮೂರನೆಯದು ಮುಗಿಯುವ ಮೊದಲೇ ಜೀಪಿನ ಬಾಗಿಲು ಧಡ್ ಎಂದು ತೆರೆಯಿತು.

"ಆಯ್ಕೊಳವ್ವೋ! ಆಯ್ಕೋ ನನ್ ತಾಯಿ, ಎಲ್ಲಾ ನಿಂದೇ, ಆಯ್ಕೋ!"

ಯಜಮಾನಿ ಬಿಸಿಲಿನಲ್ಲಿ ನಿಂತಿದ್ದಳು, ಚಪ್ಪಲಿಯಿಲ್ಲದೆ, ಎರಡೂ ಕೈ ಮೇಲೆತ್ತಿ. ಅವಳ ದನಿ ಹಲಗೆಗಳಿಗೆ ತಗುಲಿ ತಗುಲಿ ದೂರ ಹೋಯಿತು.

ಕಡಲೆಕಾಯಿಯವಳು ಅದನ್ನು ಕೇಳಿದಳು. ಆಮೇಲೆ ಮಡಿಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಆ ಕಡೆ ತಿರುಗಿದಳು. ಹಲಗೆ ಇನ್ನೂ ನಾಲ್ಕು ಹೆಜ್ಜೆ ದೂರವಿತ್ತು. ಆಗಲೇ ತಲೆ ತಗ್ಗಿಸಿ, ಸೊಂಟ ಬಾಗಿಸಿ, ಒಳಗೆ ಹೋದಳು.